ಬೊಂಬೆ ಹಬ್ಬ ಸಾಕು, ಸ್ಕಿಲ್ ಲ್ಯಾಬಿನ ಬೀಗ ತೆಗೆಸಿ

ಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ,
ಮಾನ್ಯ ಕುಲಪತಿಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು,
ಹಾಗೂ ರಾಜ್ಯದ ಎಲ್ಲ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನಿರ್ದೇಶಕರು

ವಿಷಯ: ವೈದ್ಯರ ತರಬೇತಿಗೆಂದು ಕೊಂಡ ಸಿಮ್ಯುಲೇಟರ್‌ಗಳನ್ನು (ರೋಗಿಯ ಬದಲು ಕೈ ಪಳಗಿಸುವ ಡಮ್ಮಿ, ರೋಬೋಟ್‌ಗಳನ್ನು) ಬಳಕೆಗೆ ಬಿಡುವ ಬಗ್ಗೆ

ಮಾನ್ಯರೇ,

ನಾನು ಅರಿವಳಿಕೆ ವೈದ್ಯೆ. ಊರು ಮೈಸೂರು ಕಡೆ, ನೌಕರಿ ಮಾಡಿದ್ದೆಲ್ಲ ಉತ್ತರ ಕರ್ನಾಟಕದ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ. ಈಗ ನಿವೃತ್ತಳು. ಈ ಪತ್ರದಲ್ಲಿ ಯಾವ ಕಾಲೇಜಿನ ಹೆಸರನ್ನೂ ಬರೆಯುವುದಿಲ್ಲ. ಯಾರ ಮೇಲೂ ದೂರು ಹೇಳಿ ಮೆಮೊ ಕೊಡಿಸುವ ಆಸೆ ನನಗಿಲ್ಲ. ಮೆಮೊ ತಿಂದವಳೇ ನಾನು, ಅದರ ಕಥೆ ಮುಂದೆ ಬರುತ್ತದೆ.

ಮೊದಲು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ನಾನು ಪಿಜಿ (ಸ್ನಾತಕೋತ್ತರ) ಮೊದಲ ವರ್ಷದಲ್ಲಿದ್ದಾಗ ಒಬ್ಬ ರೈತರಿಗೆ ಹೊಟ್ಟೆಯ ಆಪರೇಷನ್ ಇತ್ತು. ಐವತ್ತರ ಆಸುಪಾಸಿನ ವಯಸ್ಸು. ಉಸಿರಿನ ಟ್ಯೂಬ್ ಹಾಕಲು ನಮ್ಮ ಸರ್ ನನ್ನ ಕೈಗೆ ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಕೊಟ್ಟರು. ಪುಸ್ತಕದಲ್ಲಿ ಓದಿದ್ದೆ, ಬೇರೆಯವರು ಹಾಕುವುದನ್ನು ನೋಡಿದ್ದೆ, ಅಷ್ಟೇ. ಅದನ್ನು ಮುಂದಕ್ಕೆ, ಮೇಲಕ್ಕೆ ಎತ್ತಬೇಕು. ನಾನು ಮಣಿಕಟ್ಟು ಮಡಚಿ ಸನ್ನೆಕೋಲಿನ ಹಾಗೆ ಮೀಟಿದೆ. ಮೇಲಿನ ಹಲ್ಲು ಟಕ್ ಅಂತ ಮುರಿಯಿತು.

ಮಾರನೇ ದಿನ ವಾರ್ಡಿಗೆ ಹೋಗಿ ತಪ್ಪು ಒಪ್ಪಿಕೊಂಡೆ. ಆ ಮನುಷ್ಯ ನನ್ನ ಮುಖ ನೋಡಿ, "ಹೋಗ್ಲಿ ಬಿಡ್ರಿ ಅಕ್ಕಾರ, ಅದು ಮೊದ್ಲ ಅಲಗಾಡ್ತಿತ್ತು" ಅಂದರು. ಆ ಹಲ್ಲು ಅಲಗಾಡುತ್ತಿರಲಿಲ್ಲ. ಆಪರೇಷನ್ನಿಗೆ ಮುಂಚೆ ಹಲ್ಲುಗಳನ್ನು ಮುಟ್ಟಿ ನೋಡಿ ಬರೆದುಕೊಂಡವಳು ನಾನೇ. ನನಗೆ ನೋವಾಗದಿರಲಿ ಅಂತ ಅವರು ಸುಳ್ಳು ಹೇಳಿದರು. ಮೂವತ್ತು ವರ್ಷದ ಮೇಲಾಯಿತು, ಇವತ್ತಿಗೂ ಲ್ಯಾರಿಂಗೋಸ್ಕೋಪ್ ನೋಡಿದರೆ ಆ ಮಾತೇ ಕಿವಿಯಲ್ಲಿ ಕೇಳುತ್ತದೆ.

ಆಗ ನಮ್ಮ ಕಾಲೇಜಿನಲ್ಲಿ ಡಮ್ಮಿ ಇರಲಿಲ್ಲ. ಅದೊಂದು ಸಬೂಬು ಅಂತಲಾದರೂ ಹೇಳಬಹುದಿತ್ತು. ಈಗ ಆ ಸಬೂಬೂ ಇಲ್ಲ.

ನಿವೃತ್ತಿಗೆ ಸ್ವಲ್ಪ ಮುಂಚಿನ ಮಾತು. ಸಿಸೇರಿಯನ್‌ಗೆ ಬಂದ ಒಬ್ಬ ಹುಡುಗಿಗೆ ಸ್ಪೈನಲ್, ಅಂದರೆ ಬೆನ್ನಿಗೆ ಚುಚ್ಚುವ ಅರಿವಳಿಕೆ, ಕೊಡಬೇಕಿತ್ತು. ಮೊದಲ ವರ್ಷದ ಪಿಜಿ ಸೂಜಿ ಹಿಡಿದಿದ್ದ. ನಾನು ಪಕ್ಕದ ಓಟಿಯಲ್ಲಿ (ಆಪರೇಷನ್ ಕೋಣೆಯಲ್ಲಿ) ಸಿಕ್ಕಿಹಾಕಿಕೊಂಡಿದ್ದೆ. ಬಂದು ನೋಡುವಷ್ಟರಲ್ಲಿ ಆ ಹುಡುಗಿಯ ಬೆನ್ನಿನಲ್ಲಿ ಐದು ಚುಚ್ಚು. "ಸಾಕ್ ಬಿಡ್ರಿ, ಭಾಳ ಬ್ಯಾನಿ ಆಗಾಕತ್ತೈತಿ" ಅಂತ ಅಳುತ್ತಿದ್ದಳು. ಪಿಜಿ ಬೆವತು ಹೋಗಿದ್ದ. ಹುಡುಗ ಒಳ್ಳೆಯವನು, ಓದುವವನು. ಆದರೆ ಸೂಜಿ ಎಲುಬಿಗೆ ತಾಗಿದಾಗ ಹೇಗಿರುತ್ತದೆ, ಒಳಗಿನ ಪೊರೆ ದಾಟಿದಾಗ ಕೈಗೆ ಏನು ಗೊತ್ತಾಗುತ್ತದೆ ಅನ್ನುವುದು ಅವನ ಬೆರಳಿಗೆ ತಿಳಿದಿರಲಿಲ್ಲ. ಬೆರಳಿಗೆ ಪಾಠ ಮಾಡಿದವರೇ ಇರಲಿಲ್ಲ.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಸ್ಕಿಲ್ ಲ್ಯಾಬ್, ಅಂದರೆ ಡಮ್ಮಿಗಳ ಮೇಲೆ ಕೈ ಪಳಗಿಸುವ ಕೋಣೆ, ಇತ್ತು. ಅಲ್ಲಿ ಸ್ಪೈನಲ್ ಕಲಿಯಲೆಂದೇ ಮಾಡಿದ ಬೆನ್ನಿನ ಡಮ್ಮಿ ಇತ್ತು. ಎಲುಬುಗಳ ನಡುವೆ ಸರಿಯಾದ ಜಾಗಕ್ಕೆ ಸೂಜಿ ಹೋದರೆ ತೊಟ್ಟು ತೊಟ್ಟಾಗಿ ನೀರು ಬರುತ್ತದೆ. ನೂರು ಸಲ ಚುಚ್ಚಬಹುದು, ಅಳುವುದಿಲ್ಲ. ಅದು ಪ್ಲಾಸ್ಟಿಕ್ ಕವರ್ ಹೊದ್ದು ಮಲಗಿತ್ತು. ಬಾಗಿಲಿಗೆ ಬೀಗ. ಕೀಲಿ ಸ್ಟೋರ್ ಕೀಪರ್ ಹತ್ತಿರ, ಅವರು ರಜೆ ಮೇಲೆ.

ಮಾನ್ಯರೇ, ನಮ್ಮ ಮೈಸೂರು ಕಡೆ ದಸರಾಕ್ಕೆ ಬೊಂಬೆ ಕೂರಿಸುತ್ತೇವೆ. ಒಂಬತ್ತು ದಿನ ಪಟ್ಟದ ಬೊಂಬೆಗೆ ಜರಿ ಸೀರೆ, ದೀಪ, ಆರತಿ. ಹಬ್ಬ ಮುಗಿದ ಮೇಲೆ ಹಳೇ ಬಟ್ಟೆ ಸುತ್ತಿ ಪೆಟ್ಟಿಗೆಗೆ. ನಾನು ಕಂಡ ಸ್ಕಿಲ್ ಲ್ಯಾಬ್‌ಗಳಲ್ಲಿ ನಡೆಯುವುದೂ ಇದೇ. ಇನ್‌ಸ್ಪೆಕ್ಷನ್ ಬಂತು ಅಂದರೆ ಕವರ್ ತೆಗೆಯುತ್ತಾರೆ, ಧೂಳು ಒರೆಸುತ್ತಾರೆ, ಹತ್ತು ಹುಡುಗರನ್ನು ಬಿಳಿ ಕೋಟು ಹಾಕಿಸಿ ಸುತ್ತ ನಿಲ್ಲಿಸುತ್ತಾರೆ. ಫೋಟೊ ಆಗುತ್ತದೆ. ಇನ್‌ಸ್ಪೆಕ್ಟರು ಕಾರು ಹತ್ತಿದ ಅರ್ಧ ಗಂಟೆಗೆ ಮತ್ತೆ ಕವರ್. ವ್ಯತ್ಯಾಸ ಒಂದೇ. ದಸರಾ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ.

ನಿಯಮ ಇಲ್ಲ ಅಂತಲ್ಲ. 2019ರ ಬ್ಯಾಚಿನಿಂದ ಎಂಬಿಬಿಎಸ್ ಪಠ್ಯಕ್ರಮವೇ ಬದಲಾಗಿದೆ. ಓದಿದ್ದು ಸಾಲದು, ಕೈಯಲ್ಲಿ ಮಾಡಿ ತೋರಿಸಬೇಕು ಅನ್ನುತ್ತದೆ ಅದು. ಪ್ರತಿ ಕಾಲೇಜಿಗೂ ಸ್ಕಿಲ್ ಲ್ಯಾಬ್ ಕಡ್ಡಾಯ. 150 ಸೀಟಿನ ಕಾಲೇಜಿಗೆ ಕನಿಷ್ಠ 600 ಚದರ ಮೀಟರ್ ಜಾಗ ಇರಬೇಕು. ಜಾಗ ಅಳೆಯುವುದು ಸುಲಭ, ಟೇಪು ಹಿಡಿದರೆ ಆಯಿತು. ಒಳಗೆ ಎಷ್ಟು ಕೈ ಪಳಗಿವೆ ಅಂತ ಅಳೆಯುವವರು ಯಾರು?

ಅದಿರಲಿ. ಬೀಗ ಯಾಕೆ ಬೀಳುತ್ತದೆ? ಸೋಮಾರಿತನ ಅಂದುಬಿಡುವುದು ಸುಲಭ, ಆದರೆ ಅದು ನಿಜವಲ್ಲ. ಕಾರಣ ಸ್ಟಾಕ್ ರಿಜಿಸ್ಟರ್.

ಒಂದು ದೊಡ್ಡ ರೋಬೋಟ್ ಮ್ಯಾನಿಕಿನ್‌ಗೆ ಹತ್ತಾರು ಲಕ್ಷ ರೂಪಾಯಿ. ಅದರ ಎದೆ ಏರಿಳಿಯುತ್ತದೆ. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆ. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಪಾಠ ಮಾಡುವವರು ಪಕ್ಕದ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿದರೆ ಅದರ ನಾಲಿಗೆ ಊದಿಕೊಳ್ಳುತ್ತದೆ, ಗಂಟಲು ಬಿಗಿಯುತ್ತದೆ, ಮಾನಿಟರಿನಲ್ಲಿ ಆಮ್ಲಜನಕ ಸರ್ರನೆ ಇಳಿಯುತ್ತದೆ. ಇಷ್ಟೆಲ್ಲ ಮಾಡುವ ಸಾಮಾನು ಒಬ್ಬ ಅಟೆಂಡರ್ ಹೆಸರಿನಲ್ಲಿ ರಿಜಿಸ್ಟರಿನಲ್ಲಿ ಇರುತ್ತದೆ. ಕತ್ತಿನ ರಬ್ಬರ್ ಹರಿದರೆ ಆಡಿಟ್‌ನವರು ಕೇಳುವುದು ಅವರನ್ನು. ಒಬ್ಬರು ನನ್ನ ಮುಂದೆ ಕೈಮುಗಿದರು: "ಮೇಡಂ, ಹರಿದರೆ ನನ್ನ ಸಂಬಳದಾಗ ಹಿಡೀತಾರ್ರೀ." ಅವರನ್ನು ನಾನು ಬೈಯಲಾರೆ. ಅವರ ಜಾಗದಲ್ಲಿ ನಾನಿದ್ದರೂ ಬೀಗವೇ ಹಾಕುತ್ತಿದ್ದೆ.

ಇನ್ನು ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಗುತ್ತಿಗೆ. ಕೊಳ್ಳುವಾಗ ಹಣ ಬರುತ್ತದೆ, ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಆಗುತ್ತದೆ. ವಾರಂಟಿ ಮುಗಿದ ಮೇಲೆ ಕೇಳುವವರಿಲ್ಲ. ಬ್ಯಾಟರಿ ಸತ್ತಿತು, ಕಂಪ್ರೆಸರ್ ನಿಂತಿತು, ಸಾಫ್ಟ್‌ವೇರ್ ಲೈಸೆನ್ಸ್ ಮುಗಿಯಿತು. ಉಸಿರಾಡುವ ರೋಬೋಟು ಬರೀ ಮಲಗಿರುವ ರಬ್ಬರ್ ಬೊಂಬೆಯಾಯಿತು. ಅದನ್ನು ಕಂಡೆಮ್ ಮಾಡಿಸಲೂ, ಅಂದರೆ ಬಳಕೆಗೆ ಬಾರದ್ದು ಅಂತ ಬರೆಸಿ ತೆಗೆಸಲೂ, ಒಂದು ಕಮಿಟಿ ಕೂರಬೇಕು. ಕಮಿಟಿ ಕೂರುವುದಿಲ್ಲ.

ಈಗ ನನ್ನ ಮೆಮೊ ಕಥೆ. ಒಂದು ಸಲ ಹಟ ಮಾಡಿ ಕೀಲಿ ಇಸಿದುಕೊಂಡೆ. ಆರು ವಾರ, ಸಂಜೆ ಐದರಿಂದ ಏಳು. ಪಿಜಿಗಳು, ಹೌಸ್ ಸರ್ಜನ್ನರು (ಎಂಬಿಬಿಎಸ್ ಕೊನೆಯ ತರಬೇತಿಯಲ್ಲಿರುವವರು), ಹೆರಿಗೆ ವಾರ್ಡಿನ ಸಿಸ್ಟರ್‌ಗಳು, ಎಲ್ಲರನ್ನೂ ಸೇರಿಸಿದೆ. ಮೊದಲ ವಾರ ನಗು, ಸೆಲ್ಫಿ. ಎರಡನೇ ವಾರದಿಂದ ಕೆಲಸ ಶುರುವಾಯಿತು.

ಒಂದು ಸಂಜೆ ಗರ್ಭಿಣಿಗೆ ಫಿಟ್ಸ್ ಬಂದ ಸನ್ನಿವೇಶ ಕೊಟ್ಟೆ. ಬಿಪಿ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾ. ಮೆಗ್ನೀಸಿಯಂ ಸಲ್ಫೇಟ್ ಕೊಡಬೇಕು ಅಂತ ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ನಾಲ್ಕು ಗ್ರಾಂ ರಕ್ತನಾಳಕ್ಕೆ, ಹತ್ತು ಗ್ರಾಂ ಸೊಂಟದ ಎರಡೂ ಕಡೆಗೆ ಐದೈದರಂತೆ. ಬರೆಯುವಾಗ ಒಂದೇ ಸಾಲು. ಮಾಡುವಾಗ? ಒಂದು ಆಂಪೂಲಿನಲ್ಲಿ ಇರುವುದು ಒಂದು ಗ್ರಾಂ. 14 ಆಂಪೂಲ್ ಒಡೆಯಬೇಕು! ರೋಬೋಟು ಅದುರುತ್ತಿದೆ, ಮಾನಿಟರ್ ಕಿರುಚುತ್ತಿದೆ, ಒಬ್ಬಳೇ ಸಿಸ್ಟರ್ ಒಂದೊಂದಾಗಿ ಆಂಪೂಲ್ ಒಡೆಯುತ್ತಿದ್ದಾಳೆ, ಮೂವರು ಡಾಕ್ಟರು ಅವಳನ್ನೇ ನೋಡುತ್ತಾ ನಿಂತಿದ್ದಾರೆ. ಯಾರು ಬಾಯಿ ತೆರೆದು "ನೀನು ಇದನ್ನು ಮಾಡು, ನಾನು ಉಸಿರು ನೋಡಿಕೊಳ್ಳುತ್ತೇನೆ" ಅನ್ನಬೇಕು? ಯಾರೂ ಅನ್ನಲಿಲ್ಲ.

ಮುಗಿದ ಮೇಲೆ ಎಲ್ಲರೂ ಕೆಳಗೆ ಕೂತು ಮಾತಾಡಿದೆವು. ನಿಜ ಹೇಳಬೇಕೆಂದರೆ ಕಲಿಕೆ ಆಗುವುದು ರೋಬೋಟಿನ ಮುಂದೆ ಅಲ್ಲ, ಆಮೇಲಿನ ಈ ಅರ್ಧ ಗಂಟೆಯಲ್ಲಿ. ಆ ಸಿಸ್ಟರ್ ಮೆಲ್ಲಗೆ ಅಂದಳು: "ಮೇಡಂ, ಮೆಗ್ನೀಸಿಯಂ ಜಾಸ್ತಿ ಆದ್ರೆ ಕೊಡೋ ಕ್ಯಾಲ್ಸಿಯಂ ಗ್ಲುಕೋನೇಟ್ ನಮ್ಮ ವಾರ್ಡಿನ ಟ್ರಾಲಿಯಲ್ಲಿ ಇಲ್ಲ." ಹೋಗಿ ನೋಡಿದೆವು. ಇರಲಿಲ್ಲ. ಅವತ್ತು ರಾತ್ರಿಯೇ ತಂದಿಟ್ಟೆವು. ಯಾವ ಇನ್‌ಸ್ಪೆಕ್ಷನ್ನಿಗೂ ಕಾಣದ ತೂತು ಒಂದು ಬೊಂಬೆಗೆ ಫಿಟ್ಸ್ ಬಂದಿದ್ದರಿಂದ ಕಂಡಿತು.

ಆರನೇ ವಾರ ಮ್ಯಾನಿಕಿನ್ ತೋಳಿನ ಚರ್ಮ ಹರಿಯಿತು. ಅಷ್ಟು ಸಲ ಚುಚ್ಚಿದರೆ ಹರಿಯಲೇಬೇಕು, ಅದಕ್ಕೇ ಅಲ್ವಾ ಅದನ್ನು ಮಾಡಿರುವುದು? ನನಗೆ ಮೆಮೊ ಬಂತು. "ಸರ್ಕಾರಿ ಸ್ವತ್ತಿಗೆ ಹಾನಿ." ಉತ್ತರ ಬರೆದೆ. ಕೀಲಿ ವಾಪಸ್ ಹೋಯಿತು.

ರೋಗಿಯ ಬೆನ್ನಿಗೆ ಐದು ಸಲ ಚುಚ್ಚಿದ್ದಕ್ಕೆ ಯಾರಿಗೂ ಮೆಮೊ ಬರಲಿಲ್ಲ.

ಮಾನ್ಯರೇ, ಸಿಮ್ಯುಲೇಟರ್ ಪರ ಮಾತಾಡುವವರೆಲ್ಲ ವಿಮಾನದ ಪೈಲಟ್‌ಗಳ ಉದಾಹರಣೆ ಕೊಡುತ್ತಾರೆ. ನಿಮಗೂ ಕೇಳಿ ಸಾಕಾಗಿರಬಹುದು, ನಾನು ಕೊಡುವುದಿಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲೇ ಇದಕ್ಕೊಂದು ಅಧ್ಯಾಯ ಇದೆ. ಶಾಸ್ತ್ರವನ್ನೆಲ್ಲ ಓದಿದ ಶಿಷ್ಯನೂ ಮೊದಲು ಅಭ್ಯಾಸ ಮಾಡಲೇಬೇಕು ಅನ್ನುತ್ತದೆ ಅದು. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಯ ಮೇಲೆ. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆ ದಂಟಿನ ಮೇಲೆ. ಹೊಲಿಗೆಯನ್ನು ದಪ್ಪ ಬಟ್ಟೆ, ಮೆದು ತೊಗಲಿನ ಮೇಲೆ. ಪಟ್ಟಿ ಕಟ್ಟುವುದನ್ನು ಮನುಷ್ಯನ ಆಕಾರದ ಬೊಂಬೆಯ ಮೇಲೆ. ಹಳೆಯ ಹಿರಿಮೆ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆ ಕುಂಬಳಕಾಯಿಗೆ ಸ್ಟಾಕ್ ರಿಜಿಸ್ಟರ್ ಇರಲಿಲ್ಲ, ಅಷ್ಟೇ.

ಕಂಪ್ಯೂಟರ್ ನಡೆಸುವ ಮೊದಲ ಮ್ಯಾನಿಕಿನ್ ಬಂದಿದ್ದು ನಮ್ಮ ಅರಿವಳಿಕೆ ವಿದ್ಯೆಗೆ ಅನ್ನುವುದು ನನಗೊಂದು ಸಣ್ಣ ಹೆಮ್ಮೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಬ್ರಹಾಮ್‌ಸನ್ ಮತ್ತು ಡೆನ್ಸನ್ ಎಂಬಿಬ್ಬರು 'ಸಿಮ್ ಒನ್' ಎಂಬ ಯಂತ್ರಮಾನವನನ್ನು ಮಾಡಿಸಿದರು. ಅದು ಕಣ್ಣು ಮಿಟುಕಿಸುತ್ತಿತ್ತು, ಅದರ ಎದೆ ಬಡಿಯುತ್ತಿತ್ತು. ಕೆಲವು ಔಷಧಿಗಳಿಗೆ ನಿಜವಾದ ರೋಗಿಯ ಹಾಗೆ ಸ್ಪಂದಿಸುತ್ತಿತ್ತು. ಕಲಿಸುತ್ತಿದ್ದುದು ಏನನ್ನು? ಟ್ಯೂಬ್ ಹಾಕುವುದನ್ನು. ನಾನು ಆ ರೈತರ ಹಲ್ಲು ಮುರಿಯುವ ಹೊತ್ತಿಗೆ ಅದು ಬಂದು ಇಪ್ಪತ್ತು ವರ್ಷ ದಾಟಿತ್ತು.

ಇದರಿಂದ ಲಾಭ ಆಗುತ್ತದೆಯೇ ಅಂತ ಹಣಕಾಸು ಇಲಾಖೆಯವರು ಕೇಳುತ್ತಾರೆ. ಕೇಳಬೇಕು ಕೂಡ. ಇಂಗ್ಲೆಂಡಿನ ಬ್ರಿಸ್ಟಲ್‌ನ ಒಂದು ಆಸ್ಪತ್ರೆಯಲ್ಲಿ, ಹೆರಿಗೆಯಲ್ಲಿ ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಾಗ ಏನು ಮಾಡಬೇಕು ಅನ್ನುವುದನ್ನು ಬೊಂಬೆಯ ಮೇಲೆ ಎಲ್ಲ ಸಿಬ್ಬಂದಿಗೂ ಕಲಿಸಿದರು. ಡಾಕ್ಟರು, ಸೂಲಗಿತ್ತಿಯರು, ಎಲ್ಲರಿಗೂ. ಅದಕ್ಕೆ ಮುಂಚೆ ಹಾಗೆ ಸಿಕ್ಕಿಕೊಂಡ ಮಕ್ಕಳಲ್ಲಿ ಶೇ. 9.3ರಷ್ಟು ಮಕ್ಕಳಿಗೆ ಗಾಯ ಆಗುತ್ತಿತ್ತು. ಆಮೇಲೆ ಅದು ಶೇ. 2.3ಕ್ಕೆ ಇಳಿಯಿತು. 2008ರಲ್ಲಿ ಪ್ರಕಟವಾದ ಲೆಕ್ಕ ಇದು. ಷಿಕಾಗೋದ ಒಂದು ಐಸಿಯುನಲ್ಲಿ ಕತ್ತಿನ ದೊಡ್ಡ ರಕ್ತನಾಳಕ್ಕೆ ಲೈನ್ (ಔಷಧಿ ಕೊಡುವ ನಳಿಕೆ) ಹಾಕುವುದನ್ನು ಮೊದಲು ಸಿಮ್ಯುಲೇಟರಿನಲ್ಲಿ ಕಲಿಸಿದ ಮೇಲೆ, ಆ ಲೈನಿನಿಂದ ಆಗುವ ಸೋಂಕು ಸಾವಿರ ಲೈನ್-ದಿನಕ್ಕೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) 3.2 ಇದ್ದದ್ದು 0.5 ಆಯಿತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬೆಳಗಾವಿಗೇ ಬನ್ನಿ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಮೊದಲ ಒಂದು ನಿಮಿಷದಲ್ಲಿ ಮಾಸ್ಕ್ ಇಟ್ಟು ಗಾಳಿ ಕೊಡುವುದನ್ನು ಅಲ್ಲಿನ ವೈದ್ಯರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾಸ್ಪತ್ರೆಯವರೆಗೆ 599 ಮಂದಿಗೆ ಕಲಿಸಿದರು. ಸತ್ತು ಹುಟ್ಟುವ ಮಕ್ಕಳ ಪ್ರಮಾಣ ಶೇ. 3.0ರಿಂದ 2.3ಕ್ಕೆ ಇಳಿಯಿತು. 2013ರಲ್ಲಿ ಇದು ಪ್ರಕಟವಾಯಿತು. ಇದರ ಅರ್ಥ ನೋಡಿ. "ಸತ್ತೇ ಹುಟ್ಟಿತು" ಅಂತ ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಿದ್ದ ಕೆಲವು ಮಕ್ಕಳು ಸತ್ತಿರಲಿಲ್ಲ. ಉಸಿರು ಕೊಡುವ ಕೈ ಇರಲಿಲ್ಲ. ಹುಟ್ಟಿದ ಮೊದಲ ತಿಂಗಳ ಸಾವು ಮಾತ್ರ ಆ ತರಬೇತಿಯಿಂದ ಕಡಿಮೆಯಾಗಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಬೊಂಬೆ ಎಲ್ಲವನ್ನೂ ಸರಿ ಮಾಡುವುದಿಲ್ಲ.

ಅಲ್ಲಿ ಬಳಸಿದ್ದು ಹತ್ತಾರು ಲಕ್ಷದ ರೋಬೋಟ್ ಅಲ್ಲ. ಈ ತರಬೇತಿಗೆಂದೇ ಮಾಡಿದ, ನೀರು ತುಂಬಿಸಿದರೆ ಕೂಸಿನಷ್ಟೇ ತೂಗುವ ಒಂದು ಸರಳ ಬೊಂಬೆ.

ಹಾಗಾದರೆ ರೋಬೋಟ್ ಯಾಕೆ ಬೇಕು ಅಂತ ನೀವು ಕೇಳಬಹುದು. ಅಪರೂಪಕ್ಕೆ ಬರುವ ಗಂಡಾಂತರಕ್ಕೆ ಬೇಕು. ಸೂಜಿ ಚುಚ್ಚುವುದಕ್ಕೆ, ಹೊಲಿಗೆಗೆ ಅಗ್ಗದ ಡಮ್ಮಿ ಸಾಕು. ಆದರೆ ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯರು ಎಕ್ಲಾಂಪ್ಸಿಯಾವನ್ನು ವರ್ಷಕ್ಕೆ ಒಂದೆರಡು ಸಲ ನೋಡಿದರೆ ಹೆಚ್ಚು. ಹೆರಿಗೆಯ ನಂತರ ನಲ್ಲಿ ಬಿಟ್ಟ ಹಾಗೆ ರಕ್ತ ಹರಿಯುವುದನ್ನು ನೋಡಿಯೇ ಇಲ್ಲದಿರಬಹುದು. ಮಿದುಳಿಗೆ ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷದಲ್ಲಿ ಹಾನಿ ಶುರು. ಆ ನಾಲ್ಕು ನಿಮಿಷವನ್ನು ಮೊದಲ ಸಲ ನಿಜವಾದ ತಾಯಿಯ ಮುಂದೆ ನೋಡಬೇಕೇ? 2018-20ರ ಲೆಕ್ಕದಲ್ಲಿ ಕರ್ನಾಟಕದ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 69. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ರಕ್ತ, ಆಂಬುಲೆನ್ಸ್, ಖಾಲಿ ಹುದ್ದೆ, ಕಾರಣ ಹಲವು. ಪಳಗದ ಕೈಯೂ ಅದರಲ್ಲೊಂದು ಅಂತ ಮೂರು ದಶಕ ಓಟಿಯಲ್ಲಿ ನಿಂತವಳಾಗಿ ಹೇಳುತ್ತೇನೆ.

ಇನ್ನೊಂದು ಮಾತು, ಇದು ಸ್ವಲ್ಪ ಖಾರವಾಗಿಯೇ ಇರಲಿ. ನಮ್ಮಲ್ಲಿ ಸಿಮ್ಯುಲೇಟರ್ ಇಲ್ಲದೆ ಕಲಿಕೆ ನಡೆದಿದ್ದು ಹೇಗೆ? ಬಡವರ ಮೈ ಮೇಲೆ. ಕಾರ್ಪೊರೇಟ್ ಆಸ್ಪತ್ರೆಯ ಎಸಿ ರೂಮಿನಲ್ಲಿ ಯಾವ ಹೌಸ್ ಸರ್ಜನ್ನೂ ಮೊದಲ ಸಲ ಸೂಜಿ ಹಿಡಿಯುವುದಿಲ್ಲ. ಹಿಡಿಯುವುದು ಜನರಲ್ ವಾರ್ಡಿನಲ್ಲಿ, ಬಿಪಿಎಲ್ ಕಾರ್ಡಿನವರ ಮೇಲೆ. ಅವರು ಕೇಳುವುದಿಲ್ಲ, ಕೇಳಿದರೂ "ಸುಮ್ನೆ ಮಲಕೋ" ಅನ್ನುತ್ತೇವೆ. ಬೋಧನಾ ಆಸ್ಪತ್ರೆ ಅಂದ ಮೇಲೆ ಕಲಿಕೆ ನಡೆಯಬೇಕು, ಒಪ್ಪುತ್ತೇನೆ. ಎಷ್ಟು ಬೊಂಬೆ ಚುಚ್ಚಿದರೂ ಒಂದು ದಿನ ಮೊದಲ ಮನುಷ್ಯ ಬರಲೇಬೇಕು. ಆದರೆ ಮೊದಲ ಐವತ್ತು ತಪ್ಪು ರಬ್ಬರಿನ ಮೇಲೆ ಆಗಬಹುದಿತ್ತಲ್ಲ?

ನನ್ನ ಕೋರಿಕೆಗಳು ಇವು.

ಮೊದಲನೆಯದು ಕೇಳಿ ನಿಮಗೆ ಆಶ್ಚರ್ಯ ಆಗಬಹುದು. ದಯವಿಟ್ಟು ಹೊಸ ರೋಬೋಟ್ ಕೊಳ್ಳಬೇಡಿ. ಇರುವುದರ ಕವರ್ ತೆಗೆಸಿ, ಕೆಟ್ಟಿದ್ದನ್ನು ರಿಪೇರಿ ಮಾಡಿಸಿ. ಕೊಂಡ ಬೆಲೆಯ ಒಂದು ಪಾಲನ್ನು ಪ್ರತಿ ವರ್ಷ ನಿರ್ವಹಣೆಗೆ ಅಂತಲೇ ಇಡಿ. ಮ್ಯಾನಿಕಿನ್ನಿನ ಚರ್ಮ, ನಾಳ, ಶ್ವಾಸಕೋಶದ ಚೀಲ ಇವೆಲ್ಲ ಗ್ಲೌಸ್, ಸಿರಿಂಜಿನ ಹಾಗೆ ಖರ್ಚಾಗುವ ಸಾಮಾನು ಅಂತ ಸ್ಪಷ್ಟ ಆದೇಶ ಹೊರಡಿಸಿ. ಅದು ಹರಿದರೆ ಯಾರ ಸಂಬಳಕ್ಕೂ ಕೈ ಹಾಕುವಂತಿಲ್ಲ ಅಂತ ಅದರಲ್ಲಿ ಬರೆಯಿರಿ. ಈ ಒಂದು ಪುಟದ ಆದೇಶದಿಂದ ಅರ್ಧ ಬೀಗಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಲ್ಯಾಬಿಗೆ ಪೂರ್ಣಾವಧಿಯ ಒಬ್ಬ ಟೆಕ್ನೀಷಿಯನ್ ಬೇಕು. ಪಾಠ ಮಾಡುವವರಿಗೆ ಓಟಿ, ಓಪಿಡಿ ಬಿಟ್ಟು ಇದಕ್ಕೆಂದೇ ಗಂಟೆಗಳು ಬೇಕು. ಈಗ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾಡಿ ಅನ್ನುತ್ತಾರೆ. ಉಳಿಯುವ ಹೊತ್ತು ಯಾವುದು?

ಕುಲಪತಿಗಳಲ್ಲಿ ಒಂದು ವಿನಂತಿ. ನಮ್ಮ ಹೌಸ್ ಸರ್ಜನ್ನರ ತಲೆ ತುಂಬ ನೀಟ್ ಪಿಜಿ, ಅಂದರೆ ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆ. ಅದು ಪೂರ್ತಿ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ, ಅದರಲ್ಲಿ ಕೈಗೆ ಅಂಕ ಇಲ್ಲ. ಹುಡುಗರು ತಾವು ಮಾಡಿದ್ದನ್ನು ಬರೆದಿಡಬೇಕಾದ ಲಾಗ್ ಬುಕ್ಕನ್ನು ಕೊನೇ ವಾರ ಒಬ್ಬರದನ್ನೊಬ್ಬರು ನೋಡಿ ತುಂಬಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಟ್ಯೂಬ್ ಹಾಕುವುದು, ಸ್ಪೈನಲ್, ಲೈನ್ ಹಾಕುವುದು, ಹೆರಿಗೆ, ಕೂಸಿಗೆ ಉಸಿರು ಕೊಡುವುದು ಇಷ್ಟನ್ನಾದರೂ ಡಮ್ಮಿಯ ಮೇಲೆ ಮಾಡಿ ತೋರಿಸಿ ಸಹಿ ಪಡೆಯದೆ ಯಾರೂ ರೋಗಿಯನ್ನು ಮುಟ್ಟುವಂತಿಲ್ಲ ಅಂತ ನಿಯಮ ಮಾಡಿ. ಸಹಿ ಹಾಕಿದವರ ಹೆಸರೂ ಅದರಲ್ಲಿ ಇರಲಿ.

ಸಿಸ್ಟರ್‌ಗಳನ್ನು ಬಿಡಬೇಡಿ. ಹೆರಿಗೆ ವಾರ್ಡಿನಲ್ಲಿ ಡಾಕ್ಟರಿಗಿಂತ ಮೊದಲು ಇರುವವರು ಅವರು. ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ವರ್ಷಕ್ಕೆ ಎರಡು ದಿನವಾದರೂ ಹತ್ತಿರದ ಕಾಲೇಜಿನ ಲ್ಯಾಬಿಗೆ ಬರುವಂತಾಗಲಿ. ಆ ದಿನಗಳನ್ನು ಡ್ಯೂಟಿ ಅಂತಲೇ ಲೆಕ್ಕ ಹಾಕಿ, ರಜೆ ಹಾಕಿ ಬನ್ನಿ ಅನ್ನಬೇಡಿ.

ಇನ್‌ಸ್ಪೆಕ್ಷನ್ನಿಗೆ ಹೋಗುವವರಿಗೆ ಒಂದು ಸೂಚನೆ ಕೊಡಿ. ಮ್ಯಾನಿಕಿನ್ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ. ಗಂಟಲು ಸವೆದು, ತೋಳಿನಲ್ಲಿ ಸಾವಿರ ತೂತು ಬಿದ್ದು, ಬೆನ್ನಿನ ರಬ್ಬರ್ ಮೂರು ಸಲ ಬದಲಾಗಿದ್ದರೆ ಆ ಕಾಲೇಜಿಗೆ ಪೂರ್ತಿ ಅಂಕ ಕೊಡಿ.

ಕೊನೆಯದು ರೋಗಿಯ ವಿಷಯ. ಕಲಿಯುವವರು ಕೈ ಹಾಕುವಾಗ ಅದನ್ನು ರೋಗಿಗೆ ಅವರ ಮಾತಿನಲ್ಲಿ ಹೇಳಬೇಕು, ಗೊತ್ತಿರುವವರು ಪಕ್ಕದಲ್ಲೇ ನಿಂತಿರಬೇಕು, ಎರಡು ಸಲ ತಪ್ಪಿದರೆ ಸೂಜಿ ಅವರ ಕೈಗೆ ಹೋಗಬೇಕು. ಇದಕ್ಕೆ ರೋಬೋಟೂ ಬೇಡ, ಟೆಂಡರೂ ಬೇಡ.

ನಾನು ಈಗ ಮನೆಯಲ್ಲೇ ಇದ್ದೇನೆ. ಮಂಡಿ ನೋವು ಬಿಟ್ಟರೆ ಆರೋಗ್ಯವಾಗಿದ್ದೇನೆ. ವಾರಕ್ಕೆ ಎರಡು ಸಂಜೆ ಬಂದು ಕಲಿಸಲು ತಯಾರಿದ್ದೇನೆ, ಸಂಭಾವನೆ ಬೇಡ. ನನ್ನ ಹಾಗೆ ನಿವೃತ್ತರಾದವರು ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ, ಕರೆದು ನೋಡಿ. ಬರುವ ಹೊತ್ತಿಗೆ ಬಾಗಿಲು ತೆರೆದಿರಲಿ. ಕೀಲಿ ಇಟ್ಟುಕೊಂಡವರು ರಜೆ ಮೇಲಿದ್ದರೆ ಇನ್ನೊಂದು ಕೀಲಿ ಯಾರ ಹತ್ತಿರ ಇದೆ ಅಂತ ಬಾಗಿಲ ಮೇಲೆ ಬರೆದು ಅಂಟಿಸಿದ್ದರೂ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅರಿವಳಿಕೆ ಪ್ರಾಧ್ಯಾಪಕಿ